ಏಳು ವಿದ್ಯಾರ್ಥಿಗಳ ಭ್ರಾತೃಸಂಘ

ಅಮೆರಿಕ ದೇಶದ ಕಾಲೇಜುಗಳ ಚಿತ್ರಗಳನ್ನು ನೋಡುವಾಗ ವಾಚಕರು ಒಂದು ವಿಚಿತ್ರವನ್ನು ಗಮನಿಸಿರಬಹುದು. ಮನೆಗಳ ಹೆಬ್ಬಾಗಿಲ ಮೇಲೆ, ಹುಡುಗರ ಅಂಗಿಯ ಎದೆಯ ಮೇಲೆ, ಎರಡೋ ಮೂರೋ ಗ್ರೀಕ್ ಅಕ್ಷರಗಳು ಕಾಣುತ್ತವೆ. ಅವು ಯಾರ ಹೆಸರೂ ಅಲ್ಲ, ಊರಿನ ಹೆಸರೂ ಅಲ್ಲ. ಅವುಗಳನ್ನು ಧರಿಸಿದವರಲ್ಲಿ ಬಹು ಮಂದಿಗೆ ಗ್ರೀಕ್ ಭಾಷೆಯ ಗಂಧವೂ ಇರುವುದಿಲ್ಲ. ಆದರೂ ಆ ಎರಡು ಮೂರು ಅಕ್ಷರಗಳಿಗಾಗಿ ಅಲ್ಲಿನ ತರುಣರು ಆಣೆಯಿಡುತ್ತಾರೆ, ಹಣ ತೆರುತ್ತಾರೆ, ಮುದುಕರಾದ ಮೇಲೂ ಅವನ್ನು ನೆನೆದು ಎದೆಯುಬ್ಬಿಸುತ್ತಾರೆ. ಇಂಥ ಸಂಘಗಳಿಗೆ ಅಲ್ಲಿ ಫ್ರಾಟರ್ನಿಟಿ ಎಂದು ಹೆಸರು. ಲ್ಯಾಟಿನ್ ಭಾಷೆಯ ‘ಫ್ರಾಟರ್’ ಎಂಬುದು ನಮ್ಮ ಸಂಸ್ಕೃತದ ‘ಭ್ರಾತೃ’ ಶಬ್ದದ ಒಡಹುಟ್ಟು. ಆದಕಾರಣ ‘ಭ್ರಾತೃಸಂಘ’ ಎಂದು ಕರೆದರೆ ಅದು ಭಾಷಾಂತರವಾಗುವುದಕ್ಕಿಂತ ಹೆಚ್ಚಾಗಿ, ದೂರ ಹೋಗಿದ್ದ ಶಬ್ದ ಮನೆಗೆ ಮರಳಿದಂತೆಯೇ ಸರಿ.

ಈ ಪದ್ಧತಿಯ ಮೂಲ 1776ರಷ್ಟು ಹಳೆಯದು. ಅಮೆರಿಕ ಸ್ವಾತಂತ್ರ್ಯವನ್ನು ಸಾರಿದ ಆ ವರ್ಷದ ಡಿಸೆಂಬರ್ 5ರಂದು ವರ್ಜೀನಿಯ ಪ್ರಾಂತ್ಯದ ವಿಲಿಯಮ್ಸ್‌ಬರ್ಗ್ ಊರಿನ ಕಾಲೇಜಿನಲ್ಲಿ ಕೆಲವು ವಿದ್ಯಾರ್ಥಿಗಳು ಫೈ ಬೀಟಾ ಕಪ್ಪಾ ಎಂಬ ಗುಪ್ತ ಕೂಟವನ್ನು ಕಟ್ಟಿದರು. ಬದುಕೆಂಬ ಹಡಗಿಗೆ ಜ್ಞಾನಪ್ರೇಮವೇ ಕರ್ಣಧಾರ ಎಂಬರ್ಥದ ಗ್ರೀಕ್ ಮಾತಿನ ಮೊದಲಕ್ಷರಗಳು ಅವು. ಬೆಳ್ಳಿಯ ಪದಕ, ಗುಟ್ಟಿನ ಹಸ್ತಲಾಘವ, ಪ್ರತಿಜ್ಞೆ, ಊರೂರಿಗೆ ಶಾಖೆ, ಮುಂದೆ ಬಂದ ಸಂಘಗಳೆಲ್ಲಕ್ಕೂ ಇದೇ ಅಚ್ಚಾಯಿತು. ಫೈ ಬೀಟಾ ಕಪ್ಪಾ ಕಾಲಾಂತರದಲ್ಲಿ ತನ್ನ ಗುಟ್ಟನ್ನು ಬಿಟ್ಟುಕೊಟ್ಟು ಬುದ್ಧಿವಂತ ವಿದ್ಯಾರ್ಥಿಗಳಿಗೆ ಸಲ್ಲುವ ಗೌರವ ಮಾತ್ರವಾಗಿ ಉಳಿಯಿತು. 1825ರಿಂದೀಚೆಗೆ ನ್ಯೂಯಾರ್ಕ್ ಪ್ರಾಂತ್ಯದ ಯೂನಿಯನ್ ಕಾಲೇಜಿನಲ್ಲಿ ಹುಟ್ಟಿದ ಸಂಘಗಳು ಮಾತ್ರ ಬೇರೆಯೇ ದಾರಿ ಹಿಡಿದವು. ಅವು ಸಹವಾಸದ ಸಂಘಗಳು. ಕ್ರಮೇಣ ಇಂಥ ಸಂಘಗಳು ಸ್ವಂತ ಮನೆಗಳನ್ನು ಕಟ್ಟಿಸಿಕೊಂಡವು. ಊಟ, ವಸತಿ, ಹರಟೆ, ನೃತ್ಯ, ಹಳೆಯ ವಿದ್ಯಾರ್ಥಿಗಳ ಟಿಪ್ಪಣಿಗಳು, ಮುಂದೆ ನೌಕರಿಗೆ ಬೇಕಾಗುವ ಶಿಫಾರಸು, ಎಲ್ಲವೂ ಆ ಒಂದೇ ಸೂರಿನಡಿ. ಒಳಗಿದ್ದವನಿಗೆ ಅದು ಎರಡನೆಯ ತವರು. ಹೊರಗುಳಿದವನಿಗೆ?

ಈ ಲೇಖನ ಹೊರಗುಳಿದವರ ಕಥೆ.

ನ್ಯೂಯಾರ್ಕ್ ಪ್ರಾಂತ್ಯದ ಇಥಾಕ ಎಂಬ ಊರಿನಲ್ಲಿ, ಕಯೂಗ ಸರೋವರದ ಮೇಲಣ ಗುಡ್ಡದಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯವಿದೆ. 1868ರಲ್ಲಿ ಅದರ ಬಾಗಿಲು ತೆರೆದಾಗ, ಯಾವನೇ ಬಂದು ಯಾವ ವಿದ್ಯೆಯನ್ನೇ ಕೇಳಿದರೂ ದೊರೆಯಬೇಕೆಂಬುದು ಸ್ಥಾಪಕ ಎಜ್ರಾ ಕಾರ್ನೆಲರ ಆಶಯವಾಗಿದ್ದಿತು. ಆ ಆಶಯದಂತೆಯೇ ಅಲ್ಲಿ ಕಪ್ಪು ಜನರ ಮಕ್ಕಳಿಗೂ ಪ್ರವೇಶ ದೊರೆಯುತ್ತಿದ್ದಿತು. ಪಾಠದ ಕೊಠಡಿಯಲ್ಲಿ ಅವರಿಗೆ ಸ್ಥಳವುಂಟು. ಆದರೆ ಪಾಠ ಮುಗಿದು ಗಂಟೆ ಬಾರಿಸಿದ ಮೇಲೆ ಅವರಿಗೆ ಎಲ್ಲಿಯೂ ಸ್ಥಳವಿಲ್ಲ. ಬಿಳಿಯರ ಭ್ರಾತೃಸಂಘಗಳು ಅವರನ್ನು ಸೇರಿಸುತ್ತಿರಲಿಲ್ಲ. ಅವರಲ್ಲಿ ಕೆಲವರು ಆ ಸಂಘಗಳ ಮನೆಗಳನ್ನು ಹೊಕ್ಕಿದ್ದುದು ಊಟ ಬಡಿಸುವ ಕೆಲಸಕ್ಕಾಗಿ. ಹಗಲು ಒಂದೇ ಬೆಂಚಿನಲ್ಲಿ ಕುಳಿತವನಿಗೆ ರಾತ್ರಿ ತಟ್ಟೆ ಇಡಬೇಕು. ವಾರಾನ್ನದ ಹುಡುಗರನ್ನು ಕಂಡ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ವಿದ್ಯೆಗೂ ಅನ್ನಕ್ಕೂ ನಡುವೆ ಸಿಕ್ಕಿದ ಹುಡುಗನ ಮೋರೆ ಹೇಗಿರುತ್ತದೆಂಬುದನ್ನು ಅವರಿಗೆ ಹೇಳಬೇಕಾದ್ದಿಲ್ಲ. ಇಥಾಕದ ಹುಡುಗರಿಗೆ ಅದರ ಮೇಲೆ ಬಣ್ಣದ ಹೊರೆ ಬೇರೆ.

1904-05ರ ಸಾಲಿನಲ್ಲಿ ಓದುತ್ತಿದ್ದ ಕಪ್ಪು ವಿದ್ಯಾರ್ಥಿಗಳಲ್ಲಿ ಆರು ಮಂದಿ ಮರುವರ್ಷ ಹಿಂದಿರುಗಲಿಲ್ಲ. ಆರು ಎಂಬುದು ಸಣ್ಣ ಸಂಖ್ಯೆಯೆಂದು ತಾವು ಭಾವಿಸಬಾರದು. ಅಲ್ಲಿದ್ದವರೇ ಬೆರಳೆಣಿಕೆಯಷ್ಟು ಮಂದಿ. ಉಳಿದವರಿಗೆ ದಿಗಿಲಾಯಿತು. 1905-06ರಲ್ಲಿ ಅವರು ಒಬ್ಬರೊಬ್ಬರ ಬಾಡಿಗೆಯ ಕೋಣೆಗಳಲ್ಲಿ ಸೇರಿ ಓದತೊಡಗಿದರು. ಚಾರ್ಲ್ಸ್ ಪಾಯಿನ್‌ಡೆಕ್ಸ್‌ಟರ್ ಎಂಬ ಹಿರಿಯ ವಿದ್ಯಾರ್ಥಿ ಆ ಕೂಟಕ್ಕೆ ಅಧ್ಯಕ್ಷ. ಒಬ್ಬರಿಗೆ ತಿಳಿಯದ ಗಣಿತವನ್ನು ಇನ್ನೊಬ್ಬರು ಹೇಳಿಕೊಡುವುದು, ಪ್ರಬಂಧ ಓದುವುದು, ಚರ್ಚೆ ಮಾಡುವುದು, ಇಷ್ಟೇ ಆರಂಭ.

ಇಲ್ಲಿಯೇ ಮೊದಲ ಭಿನ್ನಾಭಿಪ್ರಾಯ ತಲೆದೋರಿತು. ಈ ಕೂಟ ಸಾಹಿತ್ಯ ಸಂಘವಾಗಿಯೇ ಇರಬೇಕೆ, ಅಥವಾ ಬಿಳಿಯರ ಸಂಘಗಳಂತೆ ಭ್ರಾತೃಸಂಘವಾಗಬೇಕೆ? ಪಾಯಿನ್‌ಡೆಕ್ಸ್‌ಟರರಿಗೆ ಸಾಹಿತ್ಯ ಸಂಘವೇ ಸಾಕೆನಿಸಿದ್ದಿತು. ರಾಬರ್ಟ್ ಓಗಲ್ ಮೊದಲಾದ ಕಿರಿಯರಿಗೆ ಅದು ಸಾಲದು. ಮೂವತ್ತು ವರ್ಷಕ್ಕೆ ಸಮೀಪವಾಗಿ ಶಾಲೆಯ ಸಾಹಿತ್ಯ ಸಂಘಗಳನ್ನು ನಡೆಸಿದ ನನಗೆ ಪಾಯಿನ್‌ಡೆಕ್ಸ್‌ಟರರ ಪಕ್ಷದ ಮೇಲೆ ಸಹಜವಾಗಿಯೇ ಒಲವು. ಯಾವ ಕೂಟದ ಬಾಗಿಲು ನಮ್ಮ ಮುಖಕ್ಕೆ ಮುಚ್ಚಿತೋ ಅದರ ವೇಷವನ್ನೇ ನಾವೇಕೆ ತೊಡಬೇಕೆಂದು ಯಾರಾದರೂ ಕೇಳಬಹುದಾದ ಪ್ರಶ್ನೆಯೇ. ಆದರೆ ಸಾಹಿತ್ಯ ಸಂಘದ ಆಯುಷ್ಯವನ್ನೂ ನಾನು ಬಲ್ಲೆ. ಉತ್ಸಾಹಿಯಾದ ಒಬ್ಬ ಕಾರ್ಯದರ್ಶಿ ಪರೀಕ್ಷೆ ಮುಗಿಸಿ ಹೊರಟುಹೋದರೆ ಮರುವರ್ಷ ಅದರ ನಡವಳಿ ಪುಸ್ತಕ ಬೀರುವಿನಲ್ಲಿ ನಿದ್ರಿಸುತ್ತದೆ. ಆ ಕಿರಿಯರಿಗೆ ಬೇಕಾಗಿದ್ದುದು ತಾವು ಹೋದ ಮೇಲೂ ನಿಲ್ಲುವಂಥದು.

ವಾದ ತಿಂಗಳುಗಟ್ಟಲೆ ನಡೆಯಿತು. 1906ರ ಅಕ್ಟೋಬರ್ 23ರ ಸಭೆಯಲ್ಲಿ ಜಾರ್ಜ್ ಕೆಲಿ ಎಂಬಾತ ‘ಆಲ್ಫಾ ಫೈ ಆಲ್ಫಾ’ ಎಂಬ ಹೆಸರನ್ನು ಸೂಚಿಸಿದ. ಓಗಲ್ ಕಪ್ಪು ಮತ್ತು ಹಳೆಯ ಬಂಗಾರದ ಬಣ್ಣಗಳನ್ನು ಸೂಚಿಸಿದ. ಡಿಸೆಂಬರ್ 4ರಂದು ನಿರ್ಣಯವೂ ಆಯಿತು: ಇದು ಭ್ರಾತೃಸಂಘವೇ. ಪಾಯಿನ್‌ಡೆಕ್ಸ್‌ಟರ್ ಆ ಹೊತ್ತಿಗೆ ದೂರ ಸರಿದಿದ್ದರು. ಸ್ಥಾಪಕರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಪಟ್ಟಿಯಲ್ಲಿರುವವರು ಏಳು ಮಂದಿ: ಹೆನ್ರಿ ಕ್ಯಾಲಿಸ್, ಚಾರ್ಲ್ಸ್ ಚಾಪ್‌ಮನ್, ಯೂಜೀನ್ ಕಿಂಕಲ್ ಜೋನ್ಸ್, ಜಾರ್ಜ್ ಕೆಲಿ, ನಥಾನಿಯಲ್ ಮರ್ರೆ, ರಾಬರ್ಟ್ ಓಗಲ್, ವರ್ಟ್ನರ್ ಟ್ಯಾಂಡಿ. ಇವರನ್ನು ಆ ಸಂಘದವರು ‘ರತ್ನಗಳು’ ಎಂದು ಕರೆಯುತ್ತಾರೆ. ಪಂಪ ಪೊನ್ನ ರನ್ನರನ್ನು ರತ್ನತ್ರಯರೆನ್ನುವ ನಮಗೆ ಈ ಸಪ್ತರತ್ನರ ಕಲ್ಪನೆ ಹೊಸದೆನಿಸುವುದಿಲ್ಲ. ಇವರೇನೂ ಆಗ ರತ್ನಗಳಾಗಿರಲಿಲ್ಲ, ಚಳಿಯಲ್ಲಿ ನಡುಗುತ್ತ ಬಾಡಿಗೆ ಕೋಣೆಯಲ್ಲಿ ಕುಳಿತ ಹುಡುಗರು, ಅಷ್ಟೆ. ಮುಂದೆ ಕ್ಯಾಲಿಸ್ ವೈದ್ಯರಾದರು, ಕೆಲಿ ಎಂಜಿನಿಯರರಾದರು, ಮರ್ರೆ ವಾಷಿಂಗ್ಟನ್ನಿನಲ್ಲಿ ನನ್ನಂತೆ ಶಾಲೆಯ ಮೇಷ್ಟರಾದರು. ಟ್ಯಾಂಡಿ ವಾಸ್ತುಶಿಲ್ಪಿಯಾಗಿ, ಕೂದಲ ಆರೈಕೆಯ ವಸ್ತುಗಳನ್ನು ಮಾರಿ ಶ್ರೀಮಂತೆಯಾದ ಮೇಡಂ ವಾಕರ್ ಎಂಬಾಕೆಗೆ ಹಡ್ಸನ್ ನದಿಯ ಸಮೀಪ ಅರಮನೆಯಂಥ ಮನೆಯನ್ನು ಕಟ್ಟಿಕೊಟ್ಟರು. ಸಂಘದ ಎದೆಪದಕದ ವಿನ್ಯಾಸವೂ ಇವರದೇ.

ಈಗ ಲಾಂಛನದ ವಿಷಯಕ್ಕೆ ಬರೋಣ. ಇದರಲ್ಲಿಯೇ ಸ್ವಾರಸ್ಯವಿರುವುದು. ಹೆಸರು ಗ್ರೀಕರದು, ಅದು ಕಾಲೇಜಿನ ರೂಢಿಯಿಂದ ಬಂದ ಸಾಲ. ಆದರೆ ಲಾಂಛನಕ್ಕಾಗಿ ಇವರು ಗ್ರೀಸಿನ ಗೂಬೆಯನ್ನೋ ಗುರಾಣಿಯನ್ನೋ ಹುಡುಕಲಿಲ್ಲ. ಇವರು ಆರಿಸಿಕೊಂಡದ್ದು ಈಜಿಪ್ಟಿನ ಗೀಜಾದಲ್ಲಿರುವ ಮಹಾ ಸ್ಫಿಂಕ್ಸ್, ಅದರ ಹಿಂದೆ ಪಿರಮಿಡ್ಡುಗಳು. ಸಿಂಹದ ದೇಹಕ್ಕೆ ಮನುಷ್ಯನ ತಲೆ. ನಮ್ಮ ದಕ್ಷಿಣದ ದೇವಾಲಯಗಳಲ್ಲಿ ಪುರುಷಾಮೃಗವನ್ನು ನೋಡಿದವರಿಗೆ ಆಕಾರ ಕೂಡಲೇ ಹೊಳೆಯುತ್ತದೆ. ಒಂದೇ ಸುಣ್ಣಕಲ್ಲಿನ ದಿಬ್ಬದಲ್ಲಿ ಕಡೆದ ಆ ಮೂರ್ತಿಯ ಉದ್ದ ಸುಮಾರು 73 ಮೀಟರ್, ಎತ್ತರ ಸುಮಾರು 20 ಮೀಟರ್, ವಯಸ್ಸು ಸುಮಾರು ನಾಲ್ಕೂವರೆ ಸಾವಿರ ವರ್ಷ. ಗ್ರೀಕರ ಪುರಾಣದಲ್ಲಿಯೂ ಸ್ಫಿಂಕ್ಸ್ ಉಂಟು, ದಾರಿಹೋಕರಿಗೆ ಒಗಟು ಹಾಕಿ, ಬಿಡಿಸಲಾರದವರನ್ನು ನುಂಗುವ ಹೆಣ್ಣು ಅದು. ಇವರ ಸ್ಫಿಂಕ್ಸ್ ಅದಲ್ಲ. ಆಫ್ರಿಕದ ನೆಲದ ಮೇಲೆ ಕುಳಿತದ್ದು.

ಇದರ ಅರ್ಥವನ್ನು ತಿಳಿಯಬೇಕಾದರೆ ಆ ಕಾಲದ ಪಠ್ಯಪುಸ್ತಕಗಳ ಮಾತು ನೆನಪಿರಬೇಕು. ಆಫ್ರಿಕಕ್ಕೆ ಚರಿತ್ರೆಯೇ ಇಲ್ಲ, ಅಲ್ಲಿಂದ ಗುಲಾಮರಾಗಿ ಬಂದವರ ಮಕ್ಕಳಿಗೆ ಹೇಳಿಕೊಳ್ಳಲು ಪೂರ್ವಿಕರಿಲ್ಲ ಎಂಬುದು ಬಿಳಿಯ ಪಂಡಿತರಲ್ಲಿ ಅನೇಕರ ನಿಶ್ಚಿತ ಅಭಿಪ್ರಾಯ. ಅದಕ್ಕೆ ಈ ಹುಡುಗರು ವಾದ ಹೂಡಲಿಲ್ಲ. ಎದೆಯ ಮೇಲೆ ಒಂದು ಚಿತ್ರವನ್ನು ಧರಿಸಿದರು. ಗ್ರೀಸು ಕಣ್ಣು ಬಿಡುವ ಮೊದಲೇ ಆಫ್ರಿಕದಲ್ಲಿ ಕಲ್ಲು ಕಡೆಯುವವರಿದ್ದರು ಎಂದು ಆ ಚಿತ್ರ ಹೇಳುತ್ತದೆ. ಸಂಘದಲ್ಲಿ ಸೇರಬಯಸುವ ಹುಡುಗರ ಗುಂಪಿಗೂ ಬಹುಕಾಲ ‘ಸ್ಫಿಂಕ್ಸ್ ಕ್ಲಬ್’ ಎಂದೇ ಹೆಸರಿದ್ದಿತು. 1914ರಲ್ಲಿ ಹೊರಟ ಅವರ ಪತ್ರಿಕೆಯ ಹೆಸರೂ ‘ದಿ ಸ್ಫಿಂಕ್ಸ್’. ನಾವು ಕಾಶಿಗೆ ಹೋಗುವಂತೆ ಸದಸ್ಯರು ಗೀಜಾಕ್ಕೆ ಯಾತ್ರೆ ಹೋಗುವ ವಾಡಿಕೆಯೂ ಬೆಳೆದುಬಂದಿದೆ. ಹಳದಿ ಗುಲಾಬಿ ಅವರ ಹೂವು. ಮೊದಲಿಗರಾಗಿ ಎಲ್ಲರ ಸೇವಕರಾಗಿ ಎಲ್ಲವನ್ನೂ ಮೀರಿ ಏಳುವೆವೆಂಬುದು ಅವರ ಧ್ಯೇಯವಾಕ್ಯದ ತಾತ್ಪರ್ಯ. ದೀಕ್ಷೆಯ ವಿಧಿಗಳು ಮಾತ್ರ ಸದಸ್ಯರಿಗೆ ಬಿಟ್ಟದ್ದು. ಹೊರಗಿನವರು ಅದನ್ನು ಊಹಿಸಿ ಬರೆಯುವುದು ಸಭ್ಯತೆಯಲ್ಲ.

ಲಾಂಛನ ಮಾಡುವುದು ಸುಲಭ, ಆಡಳಿತ ಕಷ್ಟ. ಇಥಾಕದ ಏಳು ಮಂದಿಗೆ ನಿಬಂಧನೆಗಳು ಹೆಚ್ಚು ಬೇಕಾಗಿರಲಿಲ್ಲ. ಕೆಲಿ ಮೊದಲ ಅಧ್ಯಕ್ಷ, ಟ್ಯಾಂಡಿ ಖಜಾಂಚಿ. ಆದರೆ 1907ರ ಡಿಸೆಂಬರಿನಲ್ಲಿ ಜೋನ್ಸ್ ದಕ್ಷಿಣಕ್ಕೆ ಪ್ರಯಾಣ ಮಾಡಿ, ವಾಷಿಂಗ್ಟನ್ನಿನ ಹೊವರ್ಡ್ ವಿಶ್ವವಿದ್ಯಾನಿಲಯದಲ್ಲಿಯೂ ರಿಚ್‌ಮಂಡಿನ ವರ್ಜೀನಿಯ ಯೂನಿಯನ್ ವಿಶ್ವವಿದ್ಯಾನಿಲಯದಲ್ಲಿಯೂ ಶಾಖೆಗಳನ್ನು ತೆರೆದರು. ಮೊದಲನೆಯದು ಆಲ್ಫಾ, ಎರಡನೆಯದು ಬೀಟಾ, ಮೂರನೆಯದು ಗಾಮಾ. ಆಗ ಪ್ರಶ್ನೆ ಎದ್ದಿತು: ಮೂವರಲ್ಲಿ ಯಜಮಾನನಾರು? ತಾಯಿಮನೆಯಾದ ಇಥಾಕವೋ, ಎಲ್ಲರೂ ಕೂಡಿದ ಸಭೆಯೋ? 1908ರ ಡಿಸೆಂಬರಿನಲ್ಲಿ ಹೊವರ್ಡಿನಲ್ಲಿ ನಡೆದ ಮಹಾಧಿವೇಶನ ಇದಕ್ಕೆ ಉತ್ತರ ಕೊಟ್ಟಿತು. ಎಲ್ಲ ಶಾಖೆಗಳ ಪ್ರತಿನಿಧಿಗಳು ಕೂಡಿದ ಸಭೆಯೇ ಪರಮಾಧಿಕಾರಿ. ಮೋಸೆಸ್ ಮಾರಿಸನ್ ಎಂಬುವರನ್ನು ಮೊದಲ ಮಹಾಧ್ಯಕ್ಷರನ್ನಾಗಿ ಆರಿಸಿದರು. ಅದೇ ವರ್ಷದ ಜನವರಿಯಲ್ಲಿ ನ್ಯೂಯಾರ್ಕಿನ ಕಾನೂನಿನಂತೆ ಸಂಘದ ನೋಂದಣಿಯೂ ಆಗಿದ್ದಿತು.

ಆ ಚೌಕಟ್ಟು ಇಂದಿಗೂ ನಿಂತಿದೆ. ಶಾಖೆಗಳ ಮೇಲೆ ಪ್ರಾಂತಗಳು, ಅವು ಐದು. ಪ್ರತಿಯೊಂದಕ್ಕೂ ಒಬ್ಬ ಉಪಾಧ್ಯಕ್ಷ. ಅವರ ಮೇಲೆ ಮಹಾಧ್ಯಕ್ಷ ಮತ್ತು ನಿರ್ದೇಶಕ ಮಂಡಲಿ. ಎಲ್ಲಕ್ಕೂ ಮಿಗಿಲಾಗಿ ಮಹಾಧಿವೇಶನ. ಪ್ರಾಂತಗಳ ಆಡಳಿತದಲ್ಲಿ ಉಪಾಧ್ಯಕ್ಷನ ಜೊತೆಗೆ ಕಾಲೇಜಿನಲ್ಲಿ ಓದುತ್ತಿರುವ ಒಬ್ಬ ಸಹಾಯಕನೂ ಇರುತ್ತಾನೆ. ಹಿರಿಯರು ಗದ್ದುಗೆಯನ್ನು ಪೂರ್ತಿ ಆಕ್ರಮಿಸದಿರಲು ಇದು ಒಳ್ಳೆಯ ಉಪಾಯ. ನಮ್ಮ ಸಂಘಸಂಸ್ಥೆಗಳೂ ಇದನ್ನು ಪರೀಕ್ಷಿಸಬಹುದು. ಪದವಿ ಪಡೆದು ಊರಿಗೆ ಮರಳಿದವನ ಸಂಬಂಧ ಕಡಿಯಬಾರದೆಂದು 1911ರಲ್ಲಿ ಕೆಂಟಕಿ ಪ್ರಾಂತ್ಯದ ಲೂಯಿವಿಲ್ಲಿನಲ್ಲಿ ಪದವೀಧರರ ಮೊದಲ ಶಾಖೆಯಾಯಿತು. ಅದರ ಹೆಸರು ಆಲ್ಫಾ ಲಾಂಬ್ಡ. ಪದವೀಧರ ಶಾಖೆಗಳ ಹೆಸರಿಗೆಲ್ಲ ಲಾಂಬ್ಡ ಎಂಬ ಬಾಲವಿರುವುದರಿಂದ, ಕೇಳಿದೊಡನೆಯೇ ಇದು ಹುಡುಗರದೋ ಹಿರಿಯರದೋ ಎಂದು ತಿಳಿದುಬಿಡುತ್ತದೆ. ಸಾಹಿತ್ಯ ಸಂಘಕ್ಕೂ ಇದಕ್ಕೂ ಇರುವ ಅಂತರ ಇಲ್ಲಿಯೇ. ಇಲ್ಲಿ ಕಾರ್ಯದರ್ಶಿ ಊರು ಬಿಟ್ಟರೂ ಸಂಘ ಅವನನ್ನು ಬಿಡುವುದಿಲ್ಲ.

ಗ್ರೀಕ್ ವರ್ಣಮಾಲೆಯ ಕೊನೆಯ ಅಕ್ಷರ ಓಮೆಗಾ. ಆ ಹೆಸರಿನ ಶಾಖೆ ಯಾವ ಊರಿನಲ್ಲಿಯೂ ಇಲ್ಲ. ಅದು ತೀರಿಕೊಂಡವರ ಶಾಖೆ. ಸದಸ್ಯನೊಬ್ಬ ಕಾಲವಾದನೆಂದರೆ ಅವನ ಹೆಸರು ಓಮೆಗಾದ ಪಟ್ಟಿಗೆ ವರ್ಗವಾಗುತ್ತದೆ, ಕಚೇರಿಯ ಗುಮಾಸ್ತ ಬೇರೊಂದು ಊರಿಗೆ ವರ್ಗವಾದಂತೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಆ ಜನಾಂಗಕ್ಕೇ ಬಾಯಿಯಾದ ಫ್ರೆಡರಿಕ್ ಡಗ್ಲಸ್ 1895ರಲ್ಲಿ, ಈ ಸಂಘ ಹುಟ್ಟುವ ಮೊದಲೇ, ತೀರಿಕೊಂಡಿದ್ದರು. 1921ರಲ್ಲಿ ಅವರನ್ನು ನೇರವಾಗಿ ಓಮೆಗಾ ಶಾಖೆಗೇ ಸೇರಿಸಿಕೊಂಡರು. ಬದುಕಿದ್ದವರು ತಮಗೆ ಬೇಕಾದ ಪೂರ್ವಿಕರನ್ನು ಹೀಗೂ ಪಡೆದುಕೊಳ್ಳಬಹುದು!

ಇಷ್ಟನ್ನೆಲ್ಲ ಓದಿದ ಮೇಲೆ ವಾಚಕರು ಕೇಳಬಹುದು: ಪದಕ, ಬಣ್ಣ, ಶಾಖೆ, ಅಧ್ಯಕ್ಷರು, ಇವೆಲ್ಲ ಯಾವುದಕ್ಕೆ? ಬಿಳಿಯರ ಸಂಘಗಳಂತೆ ಒಳಗಿದ್ದವರ ಸುಖಕ್ಕಷ್ಟೆ ಆಗಿದ್ದರೆ ನಾನು ಈ ವಿಷಯವನ್ನು ಎತ್ತಿಕೊಳ್ಳುತ್ತಿರಲಿಲ್ಲ. 1920ರ ಆಸುಪಾಸಿನಲ್ಲಿಯೇ ಇವರು ಕಪ್ಪು ಜನರ ಕೇರಿಗಳಿಗೆ ಹೋಗಿ ಮಕ್ಕಳನ್ನು ಹೈಸ್ಕೂಲಿಗೆ ಕಳಿಸಿ, ಕಾಲೇಜಿಗೆ ಕಳಿಸಿ ಎಂದು ಪ್ರಚಾರ ಆರಂಭಿಸಿದರು. 1930ರ ದಶಕದಲ್ಲಿ, ಮತವಿಲ್ಲದ ಜನ ಭರವಸೆಯಿಲ್ಲದ ಜನ ಎಂಬ ಘೋಷಣೆಯೊಡನೆ ಮತದಾರರ ನೋಂದಣಿಗೆ ಇಳಿದರು. ದಕ್ಷಿಣದ ಪ್ರಾಂತ್ಯಗಳಲ್ಲಿ ತಲೆಗಂದಾಯ, ಓದುಬರಹದ ಪರೀಕ್ಷೆ ಮೊದಲಾದ ಅಡ್ಡಿಗಳನ್ನೊಡ್ಡಿ ಕಪ್ಪು ಜನರನ್ನು ಮತಗಟ್ಟೆಯಿಂದ ದೂರವಿಡುತ್ತಿದ್ದ ಕಾಲ ಅದು. ಸಂಘದ ಚರಿತ್ರೆಯನ್ನು 1929ರಲ್ಲಿ ಬರೆದ ಚಾರ್ಲ್ಸ್ ವೆಸ್ಲಿ ಹಾರ್ವರ್ಡಿನಲ್ಲಿ ಡಾಕ್ಟರ್ ಪದವಿ ಪಡೆದ ಇತಿಹಾಸಕಾರರು. 1930ರ ದಶಕದಲ್ಲಿ ಅವರೇ ಮಹಾಧ್ಯಕ್ಷರಾಗಿದ್ದರು.

ಬಳಿಕ ನ್ಯಾಯಾಲಯದ ಹೋರಾಟ. ಮೇರಿಲೆಂಡ್ ವಿಶ್ವವಿದ್ಯಾನಿಲಯದ ಕಾನೂನು ಶಾಲೆ ಡೊನಾಲ್ಡ್ ಮರ್ರೆ ಎಂಬ ಪದವೀಧರನಿಗೆ ಬಣ್ಣದ ಕಾರಣದಿಂದ ಪ್ರವೇಶ ನಿರಾಕರಿಸಿತು. ಸಂಘ ಆತನ ಬೆನ್ನಿಗೆ ನಿಂತಿತು. ವಕಾಲತ್ತು ನಡೆಸಿದ ಚಾರ್ಲ್ಸ್ ಹೂಸ್ಟನ್, ತರ್ಗುಡ್ ಮಾರ್ಷಲ್ ಇಬ್ಬರೂ ಸಂಘದ ಸದಸ್ಯರೇ. 1935ರಲ್ಲಿ ಮರ್ರೆ ಶಾಲೆಯನ್ನು ಹೊಕ್ಕ. 1936ರ ಜನವರಿಯಲ್ಲಿ ಮೇಲಿನ ನ್ಯಾಯಾಲಯವೂ ಆ ತೀರ್ಪನ್ನು ಎತ್ತಿಹಿಡಿಯಿತು. ಮಾರ್ಷಲ್ 1967ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮೊದಲ ಕಪ್ಪು ನ್ಯಾಯಮೂರ್ತಿಯಾದರು.

ನನಗೆ ಇದಕ್ಕಿಂತಲೂ ಹೆಚ್ಚು ಮನಸ್ಸಿಗೆ ತಟ್ಟಿದ್ದು ಒಂದು ಊಟದ ಮೊಕದ್ದಮೆ. 1942ರ ಮೇ 17ರಂದು ಎಲ್ಮರ್ ಹೆಂಡರ್ಸನ್ ಎಂಬ ಸದಸ್ಯ, ಸರಕಾರಿ ನೌಕರ, ವಾಷಿಂಗ್ಟನ್ನಿನಿಂದ ಅಲಬಾಮ ಪ್ರಾಂತ್ಯದ ಬರ್ಮಿಂಗ್‌ಹ್ಯಾಮಿಗೆ ಸದರ್ನ್ ರೈಲ್ವೆಯ ಗಾಡಿಯಲ್ಲಿ ಪಯಣಿಸುತ್ತಿದ್ದರು. ಸಂಜೆ ಐದೂವರೆಯ ಹೊತ್ತಿಗೆ ಊಟದ ಬೋಗಿಗೆ ಹೋದರು. ಅಡಿಗೆಮನೆಗೆ ಹತ್ತಿದ ಎರಡು ಮೇಜುಗಳು ಮಾತ್ರ ಕಪ್ಪು ಜನರಿಗೆ; ಅವರು ಕುಳಿತರೆ ನಡುವೆ ಪರದೆ ಎಳೆಯಬೇಕೆಂದು ನಿಯಮ. ಆ ಮೇಜುಗಳಲ್ಲಿಯೂ ಬಿಳಿಯರು ಕುಳಿತಿದ್ದರು. ಒಂದು ಕುರ್ಚಿ ಖಾಲಿ ಇದ್ದಿತು. ಆದರೂ ಊಟದ ಬೋಗಿಯ ಮೇಲ್ವಿಚಾರಕ ಕೂರಿಸಲಿಲ್ಲ. ನಿಮ್ಮ ಆಸನಕ್ಕೇ ಊಟ ತರಿಸುತ್ತೇನೆ ಎಂದ. ಹೆಂಡರ್ಸನ್ ಒಪ್ಪಲಿಲ್ಲ. ಸ್ಥಳವಾದಾಗ ಹೇಳಿಕಳಿಸುವೆನೆಂದ ಮಾತೂ ಬರಲಿಲ್ಲ. ಮತ್ತೆ ಎರಡು ಬಾರಿ ಹೋಗಿ ಬಂದರು. ರಾತ್ರಿ ಒಂಬತ್ತಕ್ಕೆ ಆ ಬೋಗಿಯನ್ನು ಗಾಡಿಯಿಂದ ಕಳಚಿದರು. ಹೆಂಡರ್ಸನ್ನರಿಗೆ ಆ ರಾತ್ರಿ ಊಟದ ಬೋಗಿಯಲ್ಲಿ ಊಟ ಸಿಗಲೇ ಇಲ್ಲ.

ಪಂಕ್ತಿಭೇದವೆಂಬ ಮಾತಿನ ಅರ್ಥವನ್ನು ಬಲ್ಲ ನಮಗೆ ಆ ಪರದೆಯ ವರ್ಣನೆ ಬೇಕಾಗಿಲ್ಲ. ರೈಲ್ವೆಯವರು ಮುಂದೆ ನಿಯಮ ತಿದ್ದಿದರು: ಹತ್ತು ಮೇಜು ಬಿಳಿಯರಿಗೆ, ಒಂದು ಮೇಜು ಕಪ್ಪು ಜನರಿಗೆ, ನಡುವೆ ಅದೇ ಅಡ್ಡತೆರೆ! ಮೊಕದ್ದಮೆಯನ್ನು ಸಂಘವೇ ತನ್ನದೆಂದು ವಹಿಸಿಕೊಂಡು, 1946ರಿಂದ ಮಹಾಧ್ಯಕ್ಷರಾಗಿದ್ದ ವಕೀಲ ಬೆಲ್ಫರ್ಡ್ ಲಾಸನ್ನರ ಮೂಲಕ ಸರ್ವೋಚ್ಚ ನ್ಯಾಯಾಲಯದವರೆಗೆ ಒಯ್ದಿತು. 1950ರ ಜೂನ್ 5ರಂದು ತೀರ್ಪು ಬಂದಿತು. ಟಿಕೆಟ್ಟು ಪಡೆದ ಪ್ರಯಾಣಿಕನಿಗೆ ಊಟದ ಬೋಗಿಯಲ್ಲಿ ಕುರ್ಚಿ ಖಾಲಿಯಿದ್ದರೆ ಬಣ್ಣವನ್ನು ನೋಡಿ ಅದನ್ನು ತಪ್ಪಿಸಕೂಡದು. ಪರದೆ, ಮೀಸಲು ಮೇಜು, ಎರಡೂ ಕಾನೂನಿಗೆ ವಿರುದ್ಧ. ನ್ಯಾಯಾಲಯ ಸಂವಿಧಾನದ ದೊಡ್ಡ ಪ್ರಶ್ನೆಯನ್ನು ಮುಟ್ಟದೆ ರೈಲ್ವೆಯ ವಾಣಿಜ್ಯ ಕಾನೂನಿನ ಮೇಲೆಯೇ ತೀರ್ಪಿತ್ತಿತು. ಆದರೂ ಪರದೆ ಹೋಯಿತು. ಒಂದು ಕಾಲಕ್ಕೆ ಊಟ ಬಡಿಸಲೆಂದೇ ಭ್ರಾತೃಸಂಘಗಳ ಮನೆಯನ್ನು ಹೊಕ್ಕ ಹುಡುಗರ ಸಂಘ ಗೆದ್ದದ್ದು ಮೇಜಿಗೆ ಕುಳಿತು ಉಣ್ಣುವ ಹಕ್ಕನ್ನು.

ಇಷ್ಟರಲ್ಲಿ ಅವರು ತಮ್ಮ ಮನೆಯ ಕಸವನ್ನೂ ಗುಡಿಸಿಕೊಂಡಿದ್ದರು. ಅವರದೇ ನಿಬಂಧನೆಯಲ್ಲಿ, ನೀಗ್ರೋ ವಿದ್ಯಾರ್ಥಿ ಮಾತ್ರ ಸದಸ್ಯನಾಗಬಹುದೆಂದು ಬರೆದಿದ್ದಿತು. ಇತರರ ಬಾಗಿಲು ತೆರೆಯಿಸ ಹೊರಟವರು ತಮ್ಮ ಬಾಗಿಲಿಗೆ ಅಗುಳಿ ಹಾಕಿರುವುದು ಸರಿಯೆ? 1940ರಲ್ಲಿ ಎದ್ದ ಈ ಪ್ರಶ್ನೆಗೆ 1945ರಲ್ಲಿ ಒಮ್ಮತದ ಉತ್ತರ ದೊರೆಯಿತು. ಆ ಒಂದು ಪದವನ್ನು ಹೊಡೆದುಹಾಕಿ ‘ಯಾವನೇ ವಿದ್ಯಾರ್ಥಿ’ ಎಂಬರ್ಥ ಬರುವಂತೆ ತಿದ್ದಿದರು. ನಿಬಂಧನೆಯಲ್ಲಿ ಒಂದು ಪದ ಕಡಿಮೆಯಾಯಿತು. ಬಿಳಿಯರ ಸಂಘಗಳಲ್ಲಿ ಎಷ್ಟೋ ಇನ್ನೂ ತಮ್ಮ ಪದಗಳನ್ನು ಭದ್ರವಾಗಿ ಹಿಡಿದಿದ್ದ ಕಾಲದಲ್ಲಿ ಈ ಕೆಲಸ ನಡೆಯಿತು.

ಎಲ್ಲವೂ ಹೂವಿನ ಹಾಸಿಗೆಯೆಂದು ತಿಳಿಯಬಾರದು. ಗುಟ್ಟಿನ ದೀಕ್ಷೆಯಿರುವಲ್ಲಿ ಗುಟ್ಟಿನ ಹಿಂಸೆಗೂ ಎಡೆಯುಂಟು. ಹೊಸಬನನ್ನು ಹದಗೊಳಿಸುವ ನೆಪದಲ್ಲಿ ಹಿರಿಯ ಹುಡುಗರು ಮಾಡುವ ಕಾಟ ನಮ್ಮ ಕಾಲೇಜುಗಳಿಗೂ ರ‍್ಯಾಗಿಂಗ್ ಎಂಬ ಹೆಸರಿನಲ್ಲಿ ಬಂದು, ಅದನ್ನು ತಡೆಯಲು ಕಾನೂನೇ ಬೇಕಾಯಿತು. ಅಮೆರಿಕದ ಭ್ರಾತೃಸಂಘಗಳಲ್ಲಿ ಕಪ್ಪು ಬಿಳುಪೆನ್ನದೆ ಈ ಪಿಡುಗು ಬೇರೂರಿತು. 1989ರಲ್ಲಿ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನಲ್ಲಿ, ಈ ಸಂಘವನ್ನೇ ಸೇರಬಯಸಿದ್ದ ವಿದ್ಯಾರ್ಥಿಯೊಬ್ಬ ಸಂಘದ ಅನುಮತಿಯಿಲ್ಲದೆ ನಡೆದ ಇಂಥ ಕೂಟವೊಂದರಲ್ಲಿ ಕುಸಿದು ಸತ್ತ. 1990ರಲ್ಲಿ ಈ ಸಂಘವೂ ಕಪ್ಪು ವಿದ್ಯಾರ್ಥಿಗಳ ಇತರ ಸಂಘಗಳೂ ಕೂಡಿ ಹಳೆಯ ಉಮೇದುವಾರಿಯ ಪದ್ಧತಿಯನ್ನೇ ರದ್ದುಪಡಿಸಿದವು. ಕಾಗದದ ಮೇಲೆ ರದ್ದಾದದ್ದು ಕೋಣೆಗಳಲ್ಲಿ ಪೂರ್ತಿ ನಿಂತಿತೆಂದು ಹೇಳುವಂತಿಲ್ಲ. ಆಡಳಿತಕ್ಕೆ ಇಂದಿಗೂ ಇದೇ ದೊಡ್ಡ ತಲೆನೋವು. ಸ್ಫಿಂಕ್ಸ್ ಮೌನಿಯೆಂಬುದು ಶಿಲ್ಪದಲ್ಲಿ ಚೆಲುವು. ಹುಡುಗನೊಬ್ಬನ ಪ್ರಾಣದ ವಿಷಯದಲ್ಲಿ ಮೌನ ಚೆಲುವಲ್ಲ.

ಇನ್ನು ಈ ಸಂಘದ ಅತ್ಯಂತ ಪ್ರಸಿದ್ಧ ಸದಸ್ಯನ ಮಾತು. 1952ರ ಜೂನಿನಲ್ಲಿ ಬಾಸ್ಟನ್ ನಗರದ ಸಿಗ್ಮಾ ಶಾಖೆ ದೀಕ್ಷೆ ಕೊಟ್ಟ ತರುಣರಲ್ಲಿ ದೇವತಾಶಾಸ್ತ್ರದ ವಿದ್ಯಾರ್ಥಿಯೊಬ್ಬ ಇದ್ದ. ಹೆಸರು ಮಾರ್ಟಿನ್ ಲೂಥರ್ ಕಿಂಗ್. 1955ರ ಡಿಸೆಂಬರಿನಲ್ಲಿ ಮಾಂಟ್‌ಗೊಮೆರಿ ಊರಿನ ಕಪ್ಪು ಜನ ಬಸ್ಸುಗಳನ್ನು ಬಹಿಷ್ಕರಿಸಿದಾಗ ಆತನೇ ಮುಂದಾಳು. ಬಹಿಷ್ಕಾರ 381 ದಿನ ನಡೆಯಿತು. ಅದು ಇನ್ನೂ ನಡೆಯುತ್ತಿರುವಾಗಲೇ, 1956ರ ಆಗಸ್ಟಿನಲ್ಲಿ, ಸಂಘದ ಐವತ್ತನೆಯ ವರ್ಷದ ಅಧಿವೇಶನ ಬಫಲೊ ನಗರದಲ್ಲಿ ಸೇರಿ ತನ್ನ ಗೌರವ ಪ್ರಶಸ್ತಿಯನ್ನು ಈ ಇಪ್ಪತ್ತೇಳರ ತರುಣನಿಗೆ ನೀಡಿತು. 1959ರ ಫೆಬ್ರುವರಿಯಲ್ಲಿ ಕಿಂಗ್ ದಂಪತಿಗಳು ಭಾರತಕ್ಕೆ ಬಂದು, ಗಾಂಧೀಜಿ ನಡೆದಾಡಿದ ನೆಲವನ್ನು ಒಂದು ತಿಂಗಳ ಕಾಲ ಸುತ್ತಿದರು. ಹೊರಡುವ ಮುನ್ನ, ಮಾರ್ಚ್ 9ರಂದು, ಅವರು ನಮ್ಮ ದೇಶದ ಜನರಿಗೆ ವಿದಾಯ ಹೇಳಿದ್ದು ಆಕಾಶವಾಣಿಯ ಮೂಲಕ. ಗಾಂಧೀಜಿಯ ಮಾರ್ಗ ಈ ಯುಗಕ್ಕೆ ಎಷ್ಟು ಅವಶ್ಯವೆಂದು ಹೇಳಿ, ಆಯುಧಗಳನ್ನು ತ್ಯಜಿಸುವುದರಲ್ಲಿ ಭಾರತವೇ ಲೋಕಕ್ಕೆ ಮೊದಲ ದಾರಿ ತೋರಬಾರದೇಕೆ ಎಂದು ಕೇಳಿದರು. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಆ ಧ್ವನಿಯನ್ನು ರೇಡಿಯೋದಲ್ಲಿ ಕೇಳಿರಲಿಕ್ಕೂ ಸಾಕು. ಕೇಳಿ ನೋಡಿ.

1968ರ ಏಪ್ರಿಲ್ 4ರಂದು ಮೆಂಫಿಸ್ ನಗರದಲ್ಲಿ ಕಿಂಗರ ಕೊಲೆಯಾಯಿತು. ಹೆಸರು ಓಮೆಗಾ ಶಾಖೆಗೆ ಹೋಯಿತು. 1984ರಲ್ಲಿ ಸಂಘದ ಕೆಲವು ಸದಸ್ಯರು, ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷರಿಗೂ ಸೇನಾನಿಗಳಿಗೂ ಇರುವಂತೆ ಈತನಿಗೂ ಒಂದು ಸ್ಮಾರಕ ಬೇಕೆಂದು ಸಲಹೆ ತಂದರು. ಶಾಸನಸಭೆಯ ಒಪ್ಪಿಗೆ ದೊರೆತದ್ದು 1996ರಲ್ಲಿ. ಸ್ಥಳದ ಆಯ್ಕೆ, ನಕ್ಷೆ, ಹಣದ ಶೇಖರಣೆ, ಇವುಗಳಿಗೆ ಮತ್ತೆ ಹತ್ತು ವರ್ಷ ಹಿಡಿಯಿತು. ಸಂಘಕ್ಕೆ ನೂರು ತುಂಬಿದ 2006ರ ನವೆಂಬರ್ 13ರಂದು ಮೊದಲ ಗುದ್ದಲಿ ನೆಲಕ್ಕೆ ಬಿದ್ದಿತು. ಲಿಂಕನ್ ಮತ್ತು ಜೆಫರ್ಸನ್ನರ ಸ್ಮಾರಕಗಳ ನಡುವೆ, ನೀರಿನ ದಡದಲ್ಲಿ, ಬಂಡೆಯೊಳಗಿಂದ ಹೊರಬರುತ್ತಿರುವಂತೆ ನಿಂತಿರುವ ಮೂವತ್ತು ಅಡಿಯ ಆ ಕಲ್ಲಿನ ಮೂರ್ತಿಯ ಸಮರ್ಪಣೆ 2011ರ ಅಕ್ಟೋಬರ್ 16ರಂದು ನಡೆಯಿತು.